ಮಕ್ಕಳ ಮೂಲೆಯ ನಿತ್ಯಪುಷ್ಪ

ರಾಮಕ್ಕನಿಗೆ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲಿ ನಿಂತು ಕೂಗಾಡುವುದು ಅವಳಿಂದ ಆಗುತ್ತಿರಲಿಲ್ಲ. ಸಿಟ್ಟೆಲ್ಲ ಕೈಗೆ ಇಳಿಯುತ್ತಿತ್ತು. ಬೀಸುವ ಕಲ್ಲು ಬೇರೆ ದಿನಕ್ಕಿಂತ ಜೋರಾಗಿ ತಿರುಗುತ್ತಿದೆ ಅನ್ನಿಸಿದರೆ ಗಂಡ ಚಿಕ್ಕಬೈರಪ್ಪ ಒಳಗೆ ಕಾಲಿಡದೆ ಜಗಲಿಯ ಮೇಲೇ ಕೂತು ಇನ್ನೊಂದು ಬೀಡಿ ಹಚ್ಚುತ್ತಿದ್ದ. ಬೊಮ್ಮಸಂದ್ರದಾಚೆ, ಹೊಲಗಳ ನಡುವೆ ಇದ್ದ ಆ ಪಾಳ್ಯದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಬೈದು ಹಗುರಾಗುವವರ ಸಿಟ್ಟು ಸಂಜೆಗೆ ಇಳಿಯುತ್ತದೆ. ರಾಮಕ್ಕನದು ವರ್ಷಗಟ್ಟಲೆ ಇಳಿಯುತ್ತಿರಲಿಲ್ಲ.

ಅವಳು ಹೆಬ್ಬಗೋಡಿಯ ಹುಡುಗಿ. ಮದುವೆಯಾಗಿ ಪಾಳ್ಯಕ್ಕೆ ಬಂದ ಎರಡನೇ ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿತು. ಕೆಂಪಗೆ ದುಂಡಗಿದ್ದದ್ದಕ್ಕೆ ಕೆಂಪಿ ಎಂದೇ ಕರೆದರು. ಕೆಂಪಿಗೆ ಮೂರು ತುಂಬಿ ನಾಲ್ಕಕ್ಕೆ ಬಿದ್ದಾಗ ಊರಿಗೆ ದಢಾರ ಬಂತು. ಮೈಮೇಲಿನ ಗುಳ್ಳೆ ಇಳಿದವು, ಎದೆಯ ಕಫ ಇಳಿಯಲಿಲ್ಲ. ಒಂದು ಬೆಳಗ್ಗೆ ಕೂಸು ತಾಯಿಯ ಮಡಿಲಲ್ಲೇ ತಣ್ಣಗಾಯಿತು.

ಗಂಡಸರು ಬಂದರು. ಹಳೇ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಹೆಂಗಸರು ಬೀದಿಯ ತಿರುವಿನವರೆಗೆ ಹೋಗಬಹುದು, ಅದರಾಚೆ ಇಲ್ಲ. ತಿರುವಿನಲ್ಲಿ ಕುಸಿದು ಕೂತ ಸೊಸೆಯ ರಟ್ಟೆ ಹಿಡಿದು ಎಬ್ಬಿಸುತ್ತಾ ಅತ್ತೆ, "ಎಣ್ ಕೂಸಿಗೆ ಇಷ್ಟ್ಯಾಕೆ ಅಳ್ತೀಯ. ಇನ್ನೊಂದಾಯ್ತದೆ ಬುಡು" ಅಂದಳು.

ರಾಮಕ್ಕನ ಅಳು ಅಲ್ಲೇ ನಿಂತಿತು. ಅತ್ತೆ ಬದುಕಿರುವ ತನಕ ಅವಳಿಗೆ ಹೊತ್ತು ಹೊತ್ತಿಗೆ ಬಿಸಿ ಮುದ್ದೆ ಇಟ್ಟಳು, ಕೊನೆಗಾಲದಲ್ಲಿ ಮೈ ತೊಳೆದಳು. ಒಂದು ಮಾತು ಮಾತ್ರ ಆಡಲಿಲ್ಲ.

ಕೂಸು ಹೋದ ಮಾರನೇ ದಿನ ಗಂಡನನ್ನು ಕೇಳಿದಳು. "ಎಲ್ಲಿ ಮಡಗಿದ್ರಿ?"

"ಕೆರೆ ಏರಿ ಕೆಳಗೆ. ಒಂಗೆ ಮರದ ತಾವು."

"ಒಂಗೆ ಮರ ಬೇಕಾದಷ್ಟವೆ. ಎಲ್ಲಿ?"

"ಅಲ್ಲೇ ಕಣೆ. ಚಿಕ್ಕ ಮಕ್ಳುನ್ನ ಮಡಗೋ ಮೂಲೇಲಿ."

"ನೀನೇ ತಾನೆ ಮಣ್ಣೆಳೆದಿದ್ದು. ಬೊಟ್ಟು ಮಾಡಿ ತೋರ್ಸು, ನಡಿ."

ಹೆಂಗಸು ಸುಡುಗಾಡಿಗೆ ಹೋಗುವುದು ಪಾಳ್ಯದಲ್ಲಿ ನಡೆದೇ ಇರಲಿಲ್ಲ. ಚಿಕ್ಕಬೈರಪ್ಪ ಹಿಂದೆ ಮುಂದೆ ನೋಡಿದ. ಆದರೆ ಒಳಗಿನಿಂದ ಒನಕೆಯ ಸದ್ದು ಇಡೀ ದಿನ ನಿಲ್ಲದಿದ್ದಾಗ ಸೋತ. ಮರುದಿನ ಹೊಲಕ್ಕೆ ಹೋಗುವ ನೆಪದಲ್ಲಿ ಅವಳನ್ನು ಕರೆದುಕೊಂಡು ಹೋಗಿ, ಇನ್ನೂ ಹಸಿಯಾಗಿದ್ದ ಒಂದು ಸಣ್ಣ ಮಣ್ಣಿನ ಗುಪ್ಪೆಯನ್ನು ತೋರಿಸಿದ.

ದೊಡ್ಡವರ ತಲೆದಿಕ್ಕಿಗೆ ಕಲ್ಲು ನಿಲ್ಲಿಸುತ್ತಿದ್ದರು. ಮಕ್ಕಳಿಗೆ ಅದಿಲ್ಲ. ಎರಡು ಮಳೆ ಬಿದ್ದರೆ ಮಣ್ಣು ಕೂತು ನೆಲ ಸಮವಾಗುತ್ತದೆ, ಆಮೇಲೆ ಯಾರ ಕೂಸು ಎಲ್ಲಿದೆಯೆಂದು ಹೂಳಿದವನಿಗೂ ನೆನಪಿರುವುದಿಲ್ಲ. ರಾಮಕ್ಕನಿಗೆ ಅದು ಆ ಕ್ಷಣವೇ ಹೊಳೆಯಿತು. ಮನೆಗೆ ಬಂದು ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಬೆಳೆದಿದ್ದ ನಿತ್ಯಪುಷ್ಪದ ಗಿಡಗಳನ್ನು ಬೇರು ಸಮೇತ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನೆಟ್ಟಳು. ಆ ಗಿಡವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಮೇಕೆ ಬಾಯಿ ಹಾಕುವುದಿಲ್ಲ, ದನ ಮೂಸುವುದಿಲ್ಲ, ಅಷ್ಟು ಕಹಿ. ನೀರು ಕೇಳುವುದಿಲ್ಲ. ಬೇಸಿಗೆಯಲ್ಲಿ ಬೇರೆಲ್ಲ ಸುಟ್ಟು ಕರಕಲಾದಾಗಲೂ ಅದರ ಮೇಲೆ ನಾಲ್ಕು ಹೂವಿರುತ್ತವೆ.

ಕೆರೆ ಏರಿಯ ಕೆಳಗಿನ ಗರಸು ನೆಲದಲ್ಲಿ ಗಿಡ ಎತ್ತರಕ್ಕೆ ಹೋಗಲಿಲ್ಲ, ನೆಲ ಹಿಡಿದು ಹಬ್ಬಿತು. ಒಂದು ಚಾಪೆಯಷ್ಟು ಜಾಗದಲ್ಲಿ ತಿಳಿಗೆಂಪು ಹೂವು ವರ್ಷವಿಡೀ ಬಿಟ್ಟಿತು. ಅಲ್ಲಿಂದಾಚೆ ಬಂದು ಹೋಗುವಾಗ ಏರಿಯ ಮೇಲಿಂದ ತಿರುಗಿ ನೋಡಿದರೆ ಸಾಕು, ಕೆಂಪಿ ಎಲ್ಲಿದ್ದಾಳೆಂದು ತಿಳಿಯುತ್ತಿತ್ತು.

ಮೊದಲು ಕೇಳಿಕೊಂಡು ಬಂದವಳು ಪಕ್ಕದ ಮನೆಯ ವೆಂಕಟಮ್ಮ. ಹೆರಿಗೆಯಲ್ಲೇ ಹೋದ ಗಂಡು ಕೂಸೊಂದು ಅವಳದೂ ಅಲ್ಲಿತ್ತು. "ಅಕ್ಕಾ, ನಂಗೂ ಒಂದ್ ಗಿಡ ಕೊಡು" ಅಂದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಗಂಡಂದಿರನ್ನು ಪೀಡಿಸಿ ಜಾಗ ಕೇಳಿ ತಿಳಿದುಕೊಂಡರು, ಹುಲ್ಲಿಗೆ ಹೋದಾಗ ನೆಟ್ಟು ಬಂದರು. ಯಾರದು ತಿಳಿಗೆಂಪು, ಯಾರದು ಬಿಳಿ, ಯಾರದು ಬಿಳಿಯ ನಡುವೆ ಕೆಂಪು ಚುಕ್ಕೆ ಎಂದು ಅವರವರಿಗೆ ಗುರುತು. ಪಂಚಾಯ್ತಿ ಛೇರ್ಮನ್ ಸೊಣ್ಣಪ್ಪನ ಹೆಂಡತಿ ಆಂಜಿನಮ್ಮ ದೊಡ್ಡ ಮನೆಯವಳು, ಹೊಲಕ್ಕೆ ಇಳಿಯುವವಳಲ್ಲ. ಅವಳು ಒಂದು ದಿನ ಹಿತ್ತಲ ಬಾಗಿಲಲ್ಲಿ ರಾಮಕ್ಕನನ್ನು ನಿಲ್ಲಿಸಿ, ಕಣ್ಣು ತಗ್ಗಿಸಿಕೊಂಡು, "ನಮ್ಮುಡ್ಗಂಗೂ ಒಂದ್ ನೆಟ್ಬುಡು. ಅಳ್ಳದ ಕಡೆ ಕೊನೇದಂತೆ. ಬಿಳೀದು" ಅಂದಳು. ಸೊಣ್ಣಪ್ಪ ಚಿಕ್ಕಬೈರಪ್ಪನಿಗೆ ದಾಯಾದಿ ಅಣ್ಣ. ಹಾಗಾಗಿ ಆಂಜಿನಮ್ಮ ರಾಮಕ್ಕನಿಗೆ ವಾರಗಿತ್ತಿ. ರಾಮಕ್ಕ ನೆಟ್ಟು ಬಂದಳು. ಆಂಜಿನಮ್ಮ ಅದನ್ನು ಕಣ್ಣಾರೆ ನೋಡಲೇ ಇಲ್ಲ.

ಹತ್ತು ಹನ್ನೆರಡು ವರ್ಷದಲ್ಲಿ ಆ ಮೂಲೆ ಹೂವಿನ ನೆಲವಾಯಿತು. ಗಂಡಸರು ಅದನ್ನು ಸುಡುಗಾಡು ಮಲ್ಲಿಗೆ ಎಂದು ಕರೆದು ನಕ್ಕರು. ಯಾರೂ ಮುಡಿಯದ, ದೇವರಿಗೂ ಏರಿಸದ ಹೂವು ಅವರ ಲೆಕ್ಕದಲ್ಲಿ ಕಳೆಯೇ.

ಅಷ್ಟರಲ್ಲಿ ಎಂಬತ್ತರ ಇಸವಿ ದಾಟಿತ್ತು. ಹೊಸೂರು ರಸ್ತೆಯ ಎರಡೂ ಕಡೆ ಕಾರ್ಖಾನೆಗೆಂದು ಜಮೀನು ಹೋಯಿತು. ರಾಗಿ ಹೊಲಗಳ ನಡುವೆ ತಂತಿ ಬೇಲಿ ಎದ್ದಿತು, ಶಿಫ್ಟಿನ ಸೈರನ್ ಕೂಗತೊಡಗಿತು. ವೆಂಕಟಮ್ಮನ ಗಂಡ ಆಂಜಿನಪ್ಪ ತನ್ನದೇ ಹೊಲದಲ್ಲಿ ಎದ್ದ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಆದ. ಹೊಲವಿಲ್ಲದ ಹೆಂಗಸರು ಕೂಲಿ ಹುಡುಕಿಕೊಂಡು ಸುತ್ತಿದರು.

ಆ ವರ್ಷದ ಮಾಘದಲ್ಲಿ ರಾಮಕ್ಕ ಅಣ್ಣನ ಮಗಳ ಸೀಮಂತಕ್ಕೆಂದು ಹೆಬ್ಬಗೋಡಿಗೆ ಹೋದವಳು ಎರಡು ದಿನ ಅಲ್ಲೇ ಉಳಿದಳು. ಸಂಜೆ ಬಸ್ಸಿಳಿದು ರಸ್ತೆ ದಾಟಲು ನಿಂತಿದ್ದಾಗ ಪಾಳ್ಯದ ಕಡೆಯಿಂದ ಒಂದು ಲಾರಿ ಬಂದು ಅತ್ತಿಬೆಲೆಯ ಕಡೆ ತಿರುಗಿತು. ಮೇಲೆ ಹಸಿರು ಸೊಪ್ಪು ಹೇರಿತ್ತು. ಮೇವು ಅಂದುಕೊಂಡಳು. ಲಾರಿ ಹತ್ತಿರ ಬಂದಾಗ ಪಕ್ಕದ ಹಲಗೆಯಿಂದ ಬೇರುಗಳು ಜೋತಾಡುತ್ತಿದ್ದವು, ಬೇರಿಗೆ ಮಣ್ಣು ಅಂಟಿತ್ತು, ಬಾಡಿದ ಸೊಪ್ಪಿನ ನಡುವೆ ತಿಳಿಗೆಂಪು ಹೂವು ಕಾಣಿಸಿತು. ಇದನ್ನು ಯಾವ ದನವೂ ತಿನ್ನುವುದಿಲ್ಲ ಎಂದು ನೆನಪಾದದ್ದೇ ತಡ, ಕೈಲಿದ್ದ ತವರಿನ ಬುಟ್ಟಿಯನ್ನು ಅಂಗಡಿಯವನ ಕಟ್ಟೆಯ ಮೇಲಿಟ್ಟು ಅವಳು ಕೆರೆ ಏರಿಯ ದಾರಿ ಹಿಡಿದಳು.

ಮಕ್ಕಳ ಮೂಲೆಯನ್ನು ಕಡಲೆಕಾಯಿ ಹೊಲ ಕಿತ್ತ ಹಾಗೆ ಕಿತ್ತಿದ್ದರು. ಎಲ್ಲೆಲ್ಲೂ ಪಿಕಾಸಿಯ ಗುಂಡಿ. ಅಗೆದ ಮಣ್ಣು ಅಗೆಯದ ಮಣ್ಣಿನ ಮೇಲೆ ಬಿದ್ದು ಮೇಲು ಕೆಳಗು ತಿಳಿಯದಂತಾಗಿತ್ತು. ಲಾರಿಯ ಚಕ್ರ ಹೊಂಗೆ ಮರದ ಬುಡದ ತನಕ ಬಂದು ಹೋಗಿತ್ತು. ರಾಮಕ್ಕ ಮರದಿಂದ ಇಷ್ಟು ಹೆಜ್ಜೆ, ಬಂಡೆಯಿಂದ ಇಷ್ಟು ಹೆಜ್ಜೆ ಎಂದು ನಡೆದು ನೋಡಿದಳು. ಒಂದು ಸಲ ಒಂದು ಕಡೆ ಬಂದು ನಿಂತಳು, ಇನ್ನೊಂದು ಸಲ ಇನ್ನೊಂದು ಕಡೆ. ಇಷ್ಟು ವರ್ಷ ಹೂವು ನೋಡಿ ಗುರುತಿಟ್ಟವಳು ಹೆಜ್ಜೆ ಎಣಿಸಿರಲಿಲ್ಲ. ಕೆಂಪಿಯನ್ನು ಅವಳು ಎರಡನೇ ಸಲ ಕಳೆದುಕೊಂಡಳು. ಈ ಸಲ ಕಳೆದುಹೋಗುವಂತೆ ಮಾಡಿದವರಿಗೆ ಹೆಸರಿತ್ತು, ಮನೆಯಿತ್ತು.

ಮೊದಲು ವೆಂಕಟಮ್ಮನ ಮನೆಗೆ ಹೋದಳು. ವೆಂಕಟಮ್ಮ ಒಲೆಯ ಮುಂದಿದ್ದಳು. ಅವಳ ಬೆರಳ ಸಂದಿಯಲ್ಲಿ ಕೆಮ್ಮಣ್ಣಿತ್ತು.

"ನೀನೂ ಓಗಿದ್ಯಾ ಅಗಿಯಾಕೆ?"

ವೆಂಕಟಮ್ಮ ಸುಳ್ಳು ಹೇಳಲಿಲ್ಲ. "ಓಗಿದ್ದೆ ಕಣಕ್ಕ. ಕಂಟ್ರಾಕ್ಟ್ರು ಬಂದಿದ್ದ, ಅತ್ತಿಬೆಲೆ ಕಡೆಯೋನು, ಕೃಷ್ಣಪ್ಪ ಅಂತ. ಆ ಬೇರಿಂದ ಅದೇನೋ ಔಸ್ತಿ ಮಾಡ್ತಾರಂತೆ, ಪಾರಿನ್ನಿಗೆ ಓಯ್ತದಂತೆ. ಛೇರ್ಮನ್ರು ಒಪ್ಗೆ ಕೊಟ್ಟವ್ರೆ ಅಂದ. ಆಳು ಬೇಕು ಅಂದ."

"ಅಲ್ಲಿ ಯಾರವ್ರೆ ಅಂತ ನಿಂಗೆ ಗೊತ್ತಿರ್ನಿಲ್ವಾ?"

"ಗೊತ್ತಿತ್ತು." ವೆಂಕಟಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದಳು. "ನಾನು ಒಲ್ಲೆ ಅಂದಿದ್ರೆ ಬೇರೆಯೋರು ಅಗೀತಿದ್ರು. ಅವ್ರು ಪಿಕಾಸಿ ಎತ್ತಿ ಆಳದ ತಂಕ ಬುಡ್ತಾರೆ, ಅವ್ರಿಗೇನು. ನಮ್ ಕೂಸಿನ್ ಮೇಲಿದ್ದುದ್ನ ನಾನೇ ಕಿತ್ತೆ, ಕೈಲಿ. ಕೆಂಪೀದೂ ನಾನೇ ಕಿತ್ತೆ. ಪಿಕಾಸಿ ಮುಟ್ಸನಿಲ್ಲ."

ಬೆರಳಿನ ಕೆಮ್ಮಣ್ಣು ಕಂಡಾಗಲೇ ರಾಮಕ್ಕನ ಕೈ ಎದ್ದಿತ್ತು. ಎತ್ತಿದ ಕೈ ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಈ ಹೆಂಗಸನ್ನು ಹೊಡೆಯುವುದೋ, ಅವಳ ಕಾಲಿಗೆ ಬೀಳುವುದೋ. ಎರಡನ್ನೂ ಮಾಡಲಾಗದೆ ಬಾಗಿಲ ಚೌಕಟ್ಟನ್ನು ಗುದ್ದಿದಳು. ಗೆಣ್ಣು ಒಡೆದು ರಕ್ತ ಬಂತು.

"ಕಿತ್ ಮೇಲಾದ್ರೂ ಒಂದ್ ಕಲ್ಲು ಮಡಗ್ಬೇಕು ಅನ್ನಿಸ್ನಿಲ್ವಾ?"

"ಮಡಗಿದ್ದೆ. ಇಂದ್ಕೆ ಬಂದ ಲಾರಿ ಅತ್ತಿ ಓಯ್ತು."

ಅತ್ತಿಬೆಲೆಯ ಕೃಷ್ಣಪ್ಪನ ಮುಖವನ್ನು ರಾಮಕ್ಕ ನೋಡಿರಲಿಲ್ಲ. ನೋಡುವ ಆಸೆಯೂ ಇರಲಿಲ್ಲ. ಅವನಿಗೆ ಬೇರು ಬೇಕಿತ್ತು, ಕಿತ್ತ. ಒಪ್ಪಿಗೆ ಕೊಟ್ಟವನು ಊರಿನವನು, ಅದೇ ಮೂಲೆಯಲ್ಲಿ ಮಗನನ್ನು ಇಟ್ಟವನು. ಒಳಗಿನ ಬೆಂಕಿಯೆಲ್ಲ ಅವನ ಕಡೆ ತಿರುಗಿತು.

ಬೆಳಗಾಗುತ್ತಲೇ ಭಜನೆ ಮನೆಯ ಕಡೆಯಿಂದ "ಹಲೋ, ಹಲೋ" ಎಂಬ ಗೊಗ್ಗರು ದನಿ ಊರೆಲ್ಲ ಕೇಳಿಸಿತು. ಕಂಟ್ರಾಕ್ಟರ್ ಕೃಷ್ಣಪ್ಪ ಬೇರಿನ ಬದಲಿಗೆ ಊರಿಗೊಂದು ಮೈಕ್ ಸೆಟ್ ಕೊಡಿಸಿದ್ದ. ಗಂಡಸರೆಲ್ಲ ಸೇರಿ ಬೇವಿನ ಮರಕ್ಕೆ ಕಹಳೆ ಕಟ್ಟುತ್ತಿದ್ದರು. ಸೊಣ್ಣಪ್ಪ ಬಿಳಿ ಪಂಚೆ ಉಟ್ಟು ಕಟ್ಟೆಯ ಮೇಲೆ ಕೂತು, ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಕೈ ತೋರಿಸುತ್ತಿದ್ದ.

ಬಾವನ ಎದುರು ನಿಂತು ಮಾತಾಡುವ ರೂಢಿ ರಾಮಕ್ಕನ ಕಾಲದ ಸೊಸೆಯಂದಿರಿಗೆ ಇರಲಿಲ್ಲ. ಅವಳು ಬಂದು ನೇರ ಎದುರಿಗೆ ನಿಂತಳು. ತಲೆಯ ಮೇಲೆ ಸೆರಗಿರಲಿಲ್ಲ. ಬಾಯಿ ಕಟ್ಟಿಹೋಗುವುದೆಂದು ಅವಳಿಗೇ ಭಯವಿತ್ತು. ಹಿಂದಿನ ಸಂಜೆಯಿಂದ ಒಂದೇ ಮಾತನ್ನು ಮನಸ್ಸಿನಲ್ಲಿ ಆಡಿ ಆಡಿ ಇಟ್ಟುಕೊಂಡು ಬಂದಿದ್ದಳು.

"ಬಾವ, ಆ ಗಿಡ ಅಗಿಸಾಕೆ ಯಾರನ್ನ ಕೇಳಿದ್ರಿ?"

ಸೊಣ್ಣಪ್ಪ ಮೊದಲು ನಕ್ಕ. "ಇದೇನಮ್ಮ ಇದು. ಸುಡುಗಾಡು ಊರ್ನೋರ್ದು. ಊರ್ನೋರ ಪರ್ವಾಗಿ ನಾನು ಒಪ್ಪಿದ್ದು. ಕಳೆ ಕಿತ್ತವ್ರೆ, ಜಾಗ ಚೊಕ್ಕ ಆಗೈತೆ. ಅದ್ರಿಂದ ಔಸ್ತಿ ಮಾಡಿ ನಾಕ್ ಜನ ಬದುಕ್ಕೊಂಡ್ರೆ ಒಳ್ಳೇದೇ ಅಲ್ವಾ? ಗಿಡ ಮತ್ತೆ ಬೆಳೀತದೆ."

"ಗಿಡ ಬೆಳೀತದೆ. ಜಾಗ?"

"ಯಾವ್ ಜಾಗ?"

"ನನ್ ಮಗಳು ಎಲ್ಲವ್ಳೆ ಅಂತ ಈಗ ಯಾರನ್ನ ಕೇಳ್ಲಿ?"

"ಎಂಗಸ್ರು ಅಲ್ಲಿಗೆ ಓಗೋದೇ ತಪ್ಪು," ಎಂದ ಸೊಣ್ಣಪ್ಪ. ನಗು ಹೋಗಿ ದನಿ ಗಡುಸಾಗಿತ್ತು. "ಏ ಬೈರಾ, ನಿನ್ನೆಂಡ್ರುನ್ನ ಕರ್ಕೊಂಡೋಗು."

ಮೈಕಿನ ವೈರು ಹಿಡಿದು ನಿಂತಿದ್ದ ಚಿಕ್ಕಬೈರಪ್ಪ ಹೆಂಡತಿಯ ಮುಖ ನೋಡಿದ. ಒಡೆದ ಗೆಣ್ಣು ನೋಡಿದ. ವೈರನ್ನು ನೆಲಕ್ಕೆ ಬಿಟ್ಟು ಪಕ್ಕಕ್ಕೆ ಸರಿದ, ಕರೆದುಕೊಂಡು ಹೋಗಲು ಮುಂದೆ ಬರಲಿಲ್ಲ.

ಭಜನೆ ಮನೆಗೆ ಎದುರೇ ಸೊಣ್ಣಪ್ಪನ ಮನೆ. ಆಂಜಿನಮ್ಮ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ಯಾರೂ ನೋಡಿರಲಿಲ್ಲ. ಅವಳು ಮೆಟ್ಟಿಲಿಳಿದು, ಗಂಡಸರ ನಡುವೆಯೇ ನಡೆದು ಬಂದು ರಾಮಕ್ಕನ ಪಕ್ಕ ನಿಂತಳು.

"ನಮ್ಮುಡ್ಗಂದೂ ಕಿತ್ತವ್ರಾ?" ಎಂದು ರಾಮಕ್ಕನನ್ನು ಕೇಳಿದಳು.

"ಎಲ್ಲಾ ಕಿತ್ತವ್ರೆ ಅಕ್ಕ. ಬಿಳೀದೂ."

ಆಂಜಿನಮ್ಮ ಗಂಡನ ಕಡೆ ತಿರುಗಿದಳು. "ನೀವೇ ತಾನೆ ಮಡಗಿದ್ದು. ಬನ್ನಿ, ಎಲ್ಲಿ ಅಂತ ತೋರ್ಸಿ."

"ಒಳೀಕ್ ನಡಿ," ಎಂದ ಸೊಣ್ಣಪ್ಪ.

"ತೋರ್ಸಿ ಅಂದೆ."

"ಅಳ್ಳದ ಕಡೆ..." ಎಂದ. ಹಳ್ಳದ ಕಡೆ ಎಂದರೆ ಎಷ್ಟು ದೂರ, ಯಾವ ಮರದ ನೆರಳಿಗೆ, ಅವನಿಗೆ ನೆನಪಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಕಟ್ಟೆಯ ಸುತ್ತ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡಿದರು. ಅವರಿಗೂ ನೆನಪಿರಲಿಲ್ಲ. ಮರ ಹತ್ತಿದ್ದವನು ಮೈಕಿನ ಕಹಳೆ ಹಿಡಿದುಕೊಂಡು ಕೊಂಬೆಯ ಮೇಲೇ ಕೂತಿದ್ದ.

ಅವತ್ತು ಗೆದ್ದವರು ಯಾರೂ ಇಲ್ಲ. ಲಾರಿ ಹೋಗಿಯಾಗಿತ್ತು, ಬೇರು ಯಾವುದೋ ಅಂಗಳದಲ್ಲಿ ಒಣಗುತ್ತಿತ್ತು. ರಾಮಕ್ಕ ಮನೆಗೆ ಬಂದು ಹಿತ್ತಲಿನ ಕಲ್ಲು ನೆಲವನ್ನು ಹಾರೆಯಿಂದ ಮೀಟಿ ಮೀಟಿ ಅಗೆದಳು. ಅಲ್ಲಿ ಏನೂ ಬೆಳೆಯುವಂತಿರಲಿಲ್ಲ, ಏನೂ ಬೆಳೆಯಬೇಕೆಂದೂ ಇರಲಿಲ್ಲ. ಕೈ ಸುಮ್ಮನಿರಲಾರದ್ದಕ್ಕೆ ಅಗೆದಳು, ಅಷ್ಟೇ.

ಮುಂಗಾರು ಬಿತ್ತು. ಕಿತ್ತ ಗಿಡಗಳಿಂದ ಸಿಡಿದ ಬೀಜವೆಲ್ಲ ಮೊಳೆತವು. ಮಕ್ಕಳ ಮೂಲೆಯಲ್ಲಷ್ಟೇ ಅಲ್ಲ, ದೊಡ್ಡವರ ಕಲ್ಲುಗಳ ನಡುವೆ, ಲಾರಿಯ ಚಕ್ರ ಹೋದ ಜಾಡಿನಲ್ಲಿ, ಹಳ್ಳದ ದಂಡೆಯವರೆಗೆ. ಬಿಳಿ, ತಿಳಿಗೆಂಪು, ಚುಕ್ಕೆಯದು ಎಲ್ಲ ಕಲಸಿಹೋದವು. ದೀಪಾವಳಿಯ ಹೊತ್ತಿಗೆ ಇಡೀ ಸುಡುಗಾಡು ಹೂವಾಗಿತ್ತು. ನೋಡಿದ ಹೆಂಗಸರು ಕಣ್ಣೊರೆಸಿಕೊಂಡು, ಮಕ್ಕಳೇ ತಿರುಗಿ ಬಂದವು ಅಂದರು. ರಾಮಕ್ಕನಿಗೆ ಆ ಮಾತು ಕೇಳಿ ಮೈಯುರಿಯಿತು.

"ಎಲ್ಲಿ ಬಂದವೆ?" ಅಂದಳು. "ಇದ್ರಾಗೆ ನಿಂದ್ಯಾವ್ದು ತೋರ್ಸು. ನಂದ್ಯಾವ್ದು ತೋರ್ಸು. ಚೆಂದಾಗೈತೆ ಅಂತ ಸಮಾಧಾನ ಮಾಡ್ಕೊಂಡ್ರೆ ನಾಳೆ ಇನ್ನೊಂದ್ ಲಾರಿ ಬತ್ತದೆ."

ಅವಳು ಹೇಳಿದ್ದೇ ಆಯಿತು. ಮಾರನೇ ಮಾಘಕ್ಕೆ ಕೃಷ್ಣಪ್ಪನ ಲಾರಿ ಮತ್ತೆ ಬಂತು. ಹೋದ ವರ್ಷಕ್ಕಿಂತ ದೊಡ್ಡದು, ಯಾಕೆಂದರೆ ಹೋದ ವರ್ಷಕ್ಕಿಂತ ಫಸಲು ಹೆಚ್ಚಿತ್ತು. ಈ ಸಲ ಊರಿನ ಆಳು ಬರುವುದಿಲ್ಲವೆಂದು ತಿಳಿದು ಹೊರಗಿನಿಂದ ಆಳು ತಂದಿದ್ದ. ಸೊಣ್ಣಪ್ಪ ಬೇಕೆಂದೇ ಆನೇಕಲ್ಲಿನ ತಾಲ್ಲೂಕು ಕಚೇರಿಗೆ ಹೊರಟುಹೋಗಿದ್ದ.

ಸುದ್ದಿ ತಂದವಳು ವೆಂಕಟಮ್ಮ. ರಾಗಿ ಹುಲ್ಲಿನ ಮೆದೆಯ ಹತ್ತಿರ ಇದ್ದಲ್ಲಿಂದ ಕುಡುಗೋಲು ಸಮೇತ ಓಡಿ ಬಂದಳು. ರಾಮಕ್ಕ ಯಾರನ್ನೂ ಕರೆಯಲಿಲ್ಲ, ಸುಮ್ಮನೆ ನಡೆದಳು. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಹೆಂಗಸರು ತುಂಬಿದ್ದರು. ಯಾವ ತಿರುವಿನಾಚೆ ಹೋಗಬಾರದೆಂದು ಅವರ ಅತ್ತೆಯಂದಿರು ಕೈ ಹಿಡಿದು ನಿಲ್ಲಿಸಿದ್ದರೋ ಆ ತಿರುವನ್ನು ಹಾಡು ಹಗಲೇ ದಾಟಿ ಕೆರೆ ಏರಿ ಇಳಿದರು. ಲಾರಿ ಇನ್ನೂ ಒಳಕ್ಕೆ ಬಂದಿರಲಿಲ್ಲ. ಅದರ ಮುಂದೆ ನೆಲದ ಮೇಲೆ ಸಾಲಾಗಿ ಕೂತರು.

ಡ್ರೈವರ್ ಹಾರನ್ ಹೊಡೆದ. ಕೃಷ್ಣಪ್ಪ ಕೆಳಗಿಳಿದು ಬಂದ. ಕನ್ನಡಕ ಹಾಕಿದ ಮೆತ್ತನೆಯ ಮನುಷ್ಯ. "ಅಕ್ಕಂದಿರಾ, ನಂಗೂ ಮಕ್ಕಳವರೆ. ಬೇಕಾದ್ರೆ ಈ ಸಲ ಕೂಲಿ ನಿಮಗೇ ಕೊಡ್ತೀನಿ, ಜಾಸ್ತೀನೇ ಕೊಡ್ತೀನಿ" ಅಂದ.

ರಾಮಕ್ಕನ ಬಾಯಿ ಕಟ್ಟಿಹೋಗಿತ್ತು. ಅವಳು ವೆಂಕಟಮ್ಮನ ಕೈಯಿಂದ ಕುಡುಗೋಲು ತೆಗೆದುಕೊಂಡು ಎದ್ದಳು. ಆಳುಗಳು ಹಿಂದಕ್ಕೆ ಸರಿದರು. ಅವಳು ಯಾರ ಮೇಲೂ ಎತ್ತಲಿಲ್ಲ. ಲಾರಿಯ ಹತ್ತಿರ ಹೋಗಿ, ಸೊಪ್ಪು ಬಿಗಿಯಲು ತಂದು ಪಕ್ಕಕ್ಕೆ ನೇತುಹಾಕಿದ್ದ ಹಗ್ಗದ ಸುರುಳಿಯನ್ನು ಕೊಯ್ದಳು. ಕೊಯ್ದು ಕೊಯ್ದು ಗೇಣುದ್ದದ ತುಂಡು ಮಾಡಿ ಅವನ ಕಾಲ ಬುಡಕ್ಕೆ ಎಸೆದಳು. ಕೊನೆಯ ತುಂಡು ಬಿದ್ದ ಮೇಲೆ ಕೃಷ್ಣಪ್ಪ ಲಾರಿ ಹತ್ತಿದ. ಅದು ಹಿಮ್ಮುಖವಾಗಿಯೇ ಏರಿಯವರೆಗೆ ಹೋಯಿತು. ಮತ್ತೆ ಬರಲಿಲ್ಲ.

ಲಾರಿ ಹೋದ ಮೇಲೂ ಹೆಂಗಸರು ಅಲ್ಲೇ ಕೂತಿದ್ದರು. ಗೆದ್ದ ಖುಷಿ ರಾಮಕ್ಕನಿಗೆ ಬರಲಿಲ್ಲ. ಹೋದ ವರ್ಷ ತಾನು ಹೆಬ್ಬಗೋಡಿಯಲ್ಲಿ ಸೀಮಂತದೂಟ ಉಣ್ಣುತ್ತಾ ಕೂತಿದ್ದ ಹೊತ್ತಿನಲ್ಲಿ ಹೀಗೆ ಹತ್ತು ಜನ ಬಂದು ಕೂತಿದ್ದರೆ ಸಾಕಿತ್ತು ಎಂದು ಯೋಚಿಸಿದಷ್ಟೂ ಒಳಗೆ ಕುದಿಯಿತು.

ಆ ವರ್ಷ ಪಂಚಾಯ್ತಿ ಚುನಾವಣೆ ಹತ್ತಿರ ಬಂತು. ಹೆಂಗಸರ ಓಟು ಕೈತಪ್ಪುತ್ತದೆಂದು ಸೊಣ್ಣಪ್ಪನಿಗೆ ಯಾರೋ ಬುದ್ಧಿ ಹೇಳಿರಬೇಕು. ಮಕ್ಕಳ ಮೂಲೆಯಲ್ಲಿ ಎದೆಯೆತ್ತರದ ಒಂದು ಕಲ್ಲು ನಿಲ್ಲಿಸಿ, ಗಾರೆ ಕಟ್ಟಿಸಿ, ಅಕ್ಷರ ಕೆತ್ತಿಸಿದ. ರಾಮಕ್ಕನಿಗೆ ಓದಲು ಬಾರದು. ಶಿಫ್ಟು ಮುಗಿಸಿ ಬರುತ್ತಿದ್ದ ವೆಂಕಟಮ್ಮನ ಗಂಡ ಆಂಜಿನಪ್ಪನನ್ನು ನಿಲ್ಲಿಸಿ, "ಏನ್ ಬರ್ದವ್ರೆ ಓದು" ಅಂದಳು.

"ಮಕ್ಕಳ ಸ್ಮಾರಕ," ಎಂದು ಓದಿದ ಆಂಜಿನಪ್ಪ. "ಆಮೇಲೆ, ದಾನಿಗಳು, ಛೇರ್ಮನ್ ಶ್ರೀ ಸೊಣ್ಣಪ್ಪನವರು."

"ಆಮೇಲೆ?"

"ಅಷ್ಟೇ ಅಕ್ಕ."

"ಮಕ್ಕಳ ಎಸ್ರು?"

"ಇಲ್ಲ. ಛೇರ್ಮನ್ರ ಎಸ್ರು ಮಾತ್ರ ದಪ್ಪಕ್ಕೈತೆ."

ಮಾರನೇ ಬೆಳಗ್ಗೆ ಹೊಲದ ಕೆಲಸಕ್ಕೆ ಜನ ಹೊರಡುವ ಮೊದಲೇ ರಾಮಕ್ಕ ಕೊಟ್ಟಿಗೆಯಿಂದ ಒಂದು ಬುಟ್ಟಿ ಸಗಣಿ ತುಂಬಿಕೊಂಡು ಹೊರಟಳು. ಮಂಜು ಇನ್ನೂ ಕೆರೆಯ ಮೇಲಿಂದ ಎದ್ದಿರಲಿಲ್ಲ. ಏರಿ ಇಳಿದಾಗ ಕಲ್ಲಿನ ಮುಂದೆ ಒಬ್ಬ ಹೆಂಗಸು ನಿಂತಿರುವುದು ಕಂಡಿತು. ಒಳ್ಳೆಯ ಸೀರೆ, ಕೈ ತುಂಬ ಬಳೆ. ಹತ್ತಿರ ಹೋದಾಗ ಆಂಜಿನಮ್ಮ ಎಂದು ಗುರುತು ಸಿಕ್ಕಿತು. ಮೊಣಕೈವರೆಗೆ ಸಗಣಿಯಾಗಿತ್ತು. ಗಂಡನ ಹೆಸರಿನ ಮೇಲೆ ಗೋಡೆಗೆ ಬಳಿದ ಹಾಗೆ ದಪ್ಪಕ್ಕೆ ಬಳಿದಿದ್ದಳು, ಕೊನೆಯ ಒಂದೆರಡು ಅಕ್ಷರಗಳಷ್ಟೇ ಉಳಿದಿದ್ದವು.

ಅವಳು ತಿರುಗಿ ನೋಡಿದಳು. ಹೆದರಲಿಲ್ಲ. ಕಣ್ಣು ಕೆಂಪಗಿದ್ದವು, ಅತ್ತ ಕೆಂಪಲ್ಲ.

"ತಂದಿದ್ದು ಸಾಲ್ನಿಲ್ಲ," ಅಂದಳು ಆಂಜಿನಮ್ಮ. "ನಿನ್ ಬುಟ್ಟೀಲಿ ಎಷ್ಟೈತೆ?"

ರಾಮಕ್ಕ ಬುಟ್ಟಿಯನ್ನು ಇಬ್ಬರ ನಡುವೆ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.